ಹಿಂಗೊಳವೆಯ ಉಪಕಾರ

ವೈಶಾಖದ ಬಿಸಿಲಿನಲ್ಲಿ ಚಾರ್ಮಾಡಿಯಂತಹ ಘಟ್ಟದ ದಾರಿಯನ್ನು ಏರುವ ಹಳೆಯ ಅಂಬಾಸಿಡರ್ ಕಾರು ಏರಿನ ನಡುವೆ ಒಮ್ಮೊಮ್ಮೆ ಕೆಮ್ಮಿದಂತೆ ಮಾಡಿ ನಿಂತುಬಿಡುವುದುಂಟು. ತೊಟ್ಟಿಯಲ್ಲಿ ಪೆಟ್ರೋಲು ಬೇಕಾದಷ್ಟಿದೆ, ಬ್ಯಾಟರಿಯೂ ನೆಟ್ಟಗಿದೆ, ಆದರೂ ಎಂಜಿನು ಚಾಲೂ ಆಗದು. ಅನುಭವಿಯಾದ ಚಾಲಕನು ಬಾನೆಟ್ಟನ್ನು ಎತ್ತಿ, ಪೆಟ್ರೋಲು ಪಂಪಿನ ಮೇಲೆ ಒದ್ದೆಬಟ್ಟೆಯನ್ನು ಹೊದಿಸಿ, ಒಂದು ಗಳಿಗೆ ನೆರಳಿನಲ್ಲಿ ಕಾಯುತ್ತಾನೆ. ಬಳಿಕ ಕಾರು ಏನೂ ನಡೆದಿಲ್ಲವೆಂಬಂತೆ ಹೊರಡುತ್ತದೆ. ಈ ಒದ್ದೆಬಟ್ಟೆಯ ಮರ್ಮವನ್ನು ಬಲ್ಲವನಿಗೆ, ಮೆಕ್ಯಾನಿಕ್ಕುಗಳು ರಿಟರ್ನ್ ಪೈಪು ಎಂದು ಕರೆಯುವ ಒಂದು ಸಣ್ಣ ಕೊಳವೆಯ ಮಹತ್ವವೂ ತಾನಾಗಿಯೇ ತಿಳಿಯುತ್ತದೆ. ಪೆಟ್ರೋಲನ್ನು ಎಂಜಿನಿನತ್ತ ಒಯ್ಯುವುದು ಮುಂಗೊಳವೆಯಾದರೆ, ಉಳಿದುದನ್ನು ತೊಟ್ಟಿಗೆ ಹಿಂದಕ್ಕೆ ತರುವ ಇದನ್ನು ಹಿಂಗೊಳವೆ ಎನ್ನಬಹುದು.

ಮೊದಲು ಪೆಟ್ರೋಲಿನ ಸ್ವಭಾವವನ್ನು ಅರಿಯಬೇಕು. ಸಮುದ್ರಮಟ್ಟದಲ್ಲಿ ನೀರು ನೂರು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಪೆಟ್ರೋಲಿಗೆ ಅಂತಹ ಒಂದೇ ಗೊತ್ತಾದ ಕುದಿಬಿಂದುವಿಲ್ಲ. ಏಕೆಂದರೆ ಅದು ಹಲವು ದ್ರವಗಳ ಮಿಶ್ರಣ. ಅದರ ಹಗುರವಾದ ಅಂಶಗಳು ಸುಮಾರು 35ರಿಂದ 40 ಡಿಗ್ರಿಯಲ್ಲಿಯೇ ಕುದಿಯತೊಡಗುತ್ತವೆ; ಭಾರವಾದವು ಕುದಿಯಲು 200 ಡಿಗ್ರಿಯ ಸಮೀಪಕ್ಕೆ ಹೋಗಬೇಕು. ಒತ್ತಡ ಕಡಿಮೆಯಾದಷ್ಟೂ ಕುದಿತ ಬೇಗ. ಎತ್ತರದ ಸ್ಥಳದಲ್ಲಿ ವಾಯುವಿನ ಒತ್ತಡ ಕಡಿಮೆ. ಪಂಪು ಎಳೆಯುವಾಗ ಅದರ ಒಳಬದಿಯಲ್ಲಿ ಇನ್ನೂ ಕಡಿಮೆ. ಬೇಸಗೆ, ಏರು, ಎಂಜಿನಿನ ಕಾವು ಈ ಮೂರೂ ಕೂಡಿದಾಗ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗುವುದು ಸಹಜ.

ಇನ್ನು ಅದರ ಮಾರ್ಗ. ಸಾಮಾನ್ಯವಾಗಿ ತೊಟ್ಟಿಯು ಕಾರಿನ ಹಿಂಭಾಗದಲ್ಲಿ ತಗ್ಗಿನಲ್ಲಿರುತ್ತದೆ. ಪಂಪು ಎಂಜಿನಿನ ಮೈಗೆ ಅಂಟಿಕೊಂಡಿರುತ್ತದೆ. ಎಂಜಿನಿನ ಕ್ಯಾಮ್ ದಂಡವು ತಿರುಗುತ್ತ ಪಂಪಿನ ಸನ್ನೆಯನ್ನು ಒತ್ತಿದಾಗ ಅದರೊಳಗಿನ ಪೊರೆ ಹಿಂದೆ ಸರಿದು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ; ಬಳಿಕ ಸ್ಪ್ರಿಂಗು ಪೊರೆಯನ್ನು ತಳ್ಳಿ ಅದನ್ನು ಕಾರ್ಬುರೇಟರಿಗೆ ಸಾಗಿಸುತ್ತದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಒಂದು ತೇಲುಬುರುಡೆಯಿದೆ. ಬಟ್ಟಲು ತುಂಬಿದೊಡನೆ ಅದು ಮೇಲೆದ್ದು ಸೂಜಿಯಾಕಾರದ ಕವಾಟವನ್ನು ಮುಚ್ಚುತ್ತದೆ. ದಾರಿ ಮುಚ್ಚಿದ ಮೇಲೆ ಪಂಪಿನ ಸನ್ನೆ ಬರಿದೇ ಆಡುತ್ತಿರುತ್ತದೆ. ಬೇಡಿದಷ್ಟೇ ಕೊಡುವ ಈ ವ್ಯವಸ್ಥೆ ಅತ್ಯಂತ ಮಿತವ್ಯಯದ್ದಾಗಿ ತೋರುತ್ತದೆ.

ಆದರೆ ಈ ಮಿತವ್ಯಯದಲ್ಲಿಯೇ ದೋಷವೂ ಅಡಗಿದೆ. ನಿಂತಲ್ಲಿ ಓಡುವ ಎಂಜಿನು ಗಂಟೆಗೆ ಒಂದು ಲೀಟರು ಪೆಟ್ರೋಲು ಬಳಸುತ್ತದೆಂದು ಇಟ್ಟುಕೊಂಡರೆ, ನಿಮಿಷಕ್ಕೆ ಸುಮಾರು 17 ಮಿಲಿಲೀಟರು ಆಯಿತು. ಒಳವ್ಯಾಸ 6 ಮಿಲಿಮೀಟರು ಇರುವ ಕೊಳವೆಯಲ್ಲಿ ಅಷ್ಟು ಪೆಟ್ರೋಲು ಸುಮಾರು 60 ಸೆಂಟಿಮೀಟರು ಉದ್ದವನ್ನು ಮಾತ್ರ ತುಂಬುತ್ತದೆ. ಎಂದರೆ ಅದು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ತೆವಳುತ್ತದೆ. ಕಾದ ಎಂಜಿನಿನ ಪಕ್ಕದಲ್ಲಿ ಇಷ್ಟು ಮೆಲ್ಲನೆ ಸಾಗುವ ದ್ರವವು ಬಿಸಿಯಾಗದೆ ಇರಲಾರದು. ಪಂಪಿನೊಳಗೆ ಆವಿ ತುಂಬಿದರೆ ಪೊರೆಯು ಆ ಆವಿಯನ್ನೇ ಹಿಗ್ಗಿಸಿ ಕುಗ್ಗಿಸುತ್ತದೆಯೇ ಹೊರತು ದ್ರವವನ್ನು ಮುಂದೆ ಸಾಗಿಸದು. ಇದೇ ವೇಪರ್ ಲಾಕ್, ಅರ್ಥಾತ್ ಆವಿಯ ತಡೆ. ಒದ್ದೆಬಟ್ಟೆ ಈ ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುತ್ತದೆ. ಇದಕ್ಕೆ ವಿಪರೀತವಾದ ಇನ್ನೊಂದು ತೊಂದರೆಯೂ ಉಂಟು: ಬಿಸಿ ಎಂಜಿನನ್ನು ನಿಲ್ಲಿಸಿದ ಮೇಲೆ ಮುಚ್ಚಿದ ಕೊಳವೆಯಲ್ಲಿ ಒತ್ತಡ ಏರಿ, ಸೂಜಿಕವಾಟವನ್ನು ಬಲಾತ್ಕಾರದಿಂದ ತೆರೆದು, ಬಟ್ಟಲು ತುಂಬಿ ಹರಿಯುತ್ತದೆ.

ಹಿಂಗೊಳವೆ ಈ ಎರಡಕ್ಕೂ ಪರಿಹಾರ. ಪಂಪಿನಿಂದಲೋ, ಪಂಪಿಗೂ ಕಾರ್ಬುರೇಟರಿಗೂ ನಡುವಿನ ಶೋಧಕದಿಂದಲೋ ಒಂದು ಕವಲನ್ನು ತೆಗೆದು ತೊಟ್ಟಿಗೆ ಜೋಡಿಸುತ್ತಾರೆ. 1983ರ ಡಿಸೆಂಬರಿನಲ್ಲಿ ಜನರ ಕೈಸೇರಿದ ಮಾರುತಿ 800 ಕಾರಿನ ಕಾರ್ಬುರೇಟರ್ ಮಾದರಿಯಲ್ಲಿ ಪಂಪಿಗೆ ಮೂರು ಕೊಳವೆಗಳಿದ್ದವು: ಬರುವುದೊಂದು, ಹೋಗುವುದೊಂದು, ಹಿಂದಿರುಗುವುದೊಂದು. ಕವಲಿನ ಬಾಯಲ್ಲಿ ಸುಮಾರು ಒಂದು, ಒಂದೂವರೆ ಮಿಲಿಮೀಟರಿನ ಕಿರಿದಾದ ರಂಧ್ರವಿರುತ್ತದೆ. ಅದು ದೊಡ್ಡದಾದರೆ ಒತ್ತಡವೆಲ್ಲ ಸೋರಿ ಕಾರ್ಬುರೇಟರು ಬರಿದಾಗುತ್ತದೆ. ತೀರ ಸಣ್ಣದಾದರೆ ಪ್ರಯೋಜನವಿಲ್ಲ. ಈ ರಂಧ್ರದ ಮೂಲಕ ಪೆಟ್ರೋಲು ಸದಾ ಹರಿಯುತ್ತಿರುವುದರಿಂದ ತೊಟ್ಟಿಯ ತಂಪಾದ ಪೆಟ್ರೋಲು ಎಡೆಬಿಡದೆ ಪಂಪಿಗೆ ಬಂದು ಅದನ್ನು ತಣಿಸುತ್ತದೆ. ಹುಟ್ಟಿದ ಆವಿಯೂ ತೊಟ್ಟಿಗೆ ಮರಳುತ್ತದೆ. ಎಂಜಿನು ನಿಂತ ಮೇಲೆ ಏರುವ ಒತ್ತಡಕ್ಕೂ ಒಂದು ಹಾದಿ ದೊರೆಯುತ್ತದೆ.

ಜೋಡಣೆಯಲ್ಲಿ ಎರಡು ವಿಷಯಗಳನ್ನು ಮರೆಯಬಾರದು. ಆವಿಯು ಮೇಲಕ್ಕೇರುವ ವಸ್ತುವಾದುದರಿಂದ ಶೋಧಕದ ಹಿಂಗೊಳವೆಯ ಮೂತಿ ಮೇಲ್ಮುಖವಾಗಿರಬೇಕು. ಎರಡನೆಯದಾಗಿ, ಹಿಂಗೊಳವೆ ತೊಟ್ಟಿಯವರೆಗೂ ಹೋಗಬೇಕು. ದಾರಿ ಹತ್ತಿರವೆಂದು ಪಂಪಿನ ಒಳಬಾಯಿಗೇ ಸೇರಿಸಿದರೆ ಕಾದ ಪೆಟ್ರೋಲೇ ಸುತ್ತಿ ಸುತ್ತಿ ಬರುತ್ತದೆ. ಹಾಗೆಂದು ಇದು ಸರ್ವರೋಗನಿವಾರಕವೂ ಅಲ್ಲ. ಕಾರ್ಬುರೇಟರಿನ ಬಟ್ಟಲೇ ಕಾದು ಕುದಿದರೆ, ಅದರ ಅಡಿಯಲ್ಲಿ ಶಾಖವನ್ನು ತಡೆಯುವ ದಪ್ಪ ಪಟ್ಟಿಯನ್ನು ಇಡಬೇಕೇ ಹೊರತು ಹಿಂಗೊಳವೆಯಿಂದ ಅದು ಪೂರ್ತಿ ವಾಸಿಯಾಗದು.

ಹಳೆಯ ಕಾರುಗಳನ್ನು ದುರಸ್ತಿ ಮಾಡುವಾಗ, ಇದಿಲ್ಲದೆಯೂ ಎಂಜಿನು ಓಡುತ್ತದೆಯಲ್ಲವೆಂದು ಹಿಂಗೊಳವೆಯ ಬಾಯಿಗೆ ಬೋಲ್ಟು ಹೊಡೆದು ಮುಚ್ಚುವುದುಂಟು. ಚಳಿಗಾಲದಲ್ಲಿ ಆ ತಪ್ಪು ತಿಳಿಯುವುದೇ ಇಲ್ಲ. ಬೇಸಗೆಯಲ್ಲಿ ಘಟ್ಟದ ನಡುವೆ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯವು ಉಪೇಕ್ಷೆಯಿಂದ ಬರುವಂಥದು. ಮುಂಗೊಳವೆ ಹೆಚ್ಚಾಗಿ ಸೋರಿದರೆ ಎಂಜಿನಿಗೆ ಪೆಟ್ರೋಲು ಸಾಲದೆ ಅದೇ ಮುಗ್ಗರಿಸಿ ಎಚ್ಚರಿಕೆ ಕೊಡುತ್ತದೆ. ಹಿಂಗೊಳವೆ ಸೋರಿದರೆ ಎಂಜಿನು ಎಂದಿನಂತೆಯೇ ಓಡುತ್ತಿರುತ್ತದೆ. ಪೆಟ್ರೋಲು ಮಾತ್ರ ಸದ್ದಿಲ್ಲದೆ ಕಾದ ಲೋಹದ ಬಳಿ ತೊಟ್ಟಿಕ್ಕುತ್ತದೆ. ಒಂದು ಕಿಡಿ ಸಾಕು, ಕಾರು ಹೊತ್ತಿಕೊಳ್ಳಲು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ನೂರಕ್ಕೆ 20ನ್ನು ಮುಟ್ಟಿದೆ. ಅಂತಹ ಇಂಧನಕ್ಕೆಂದು ತಯಾರಿಸದ ಹಳೆಯ ರಬ್ಬರು ಕೊಳವೆಗಳು ಇದರಿಂದ ಬೇಗ ಹಾಳಾಗುತ್ತವೆ. ಆದುದರಿಂದ ಹಳೆಯ ಕಾರುಳ್ಳವರು ಮುಂಗೊಳವೆಯ ಜೊತೆಗೆ ಹಿಂಗೊಳವೆಯನ್ನೂ, ಅದರ ಕ್ಲಿಪ್ಪುಗಳನ್ನೂ ಕಾಲಕಾಲಕ್ಕೆ ಪರೀಕ್ಷಿಸಿ, ಹೊಸ ಇಂಧನಕ್ಕೆ ತಕ್ಕ ಕೊಳವೆಯನ್ನು ಹಾಕಿಸಬೇಕು. ಪೆಟ್ರೋಲಿನ ವಾಸನೆ ಬಂದೊಡನೆ ಎಂಜಿನನ್ನು ನಿಲ್ಲಿಸಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆಯನ್ನು ಹುಡುಕುವ ಸಾಹಸಕ್ಕೆ ಎಂದಿಗೂ ಹೋಗಬಾರದು.

ಎಂಜಿನಿಗೆ ಒಂದು ಹನಿಯನ್ನೂ ಕೊಡದ ಈ ಕೊಳವೆ ಮೇಲ್ನೋಟಕ್ಕೆ ನಿರರ್ಥಕವಾಗಿ ಕಾಣುತ್ತದೆ. ಆದರೆ ತನ್ನ ಪಾಲಿಗಿಂತ ಹೆಚ್ಚಾಗಿ ಬಂದುದನ್ನು ಮೂಲಕ್ಕೆ ಮರಳಿಸುವ ಅದರ ಕೆಲಸದಿಂದಲೇ ಮುಂದಿನ ಹನಿ ತಂಪಾಗಿ ಬರುತ್ತದೆ. ಯಂತ್ರದಲ್ಲಿ ಯಾವ ಅಂಗವನ್ನೇ ಆಗಲಿ ಅನಾವಶ್ಯಕವೆಂದು ಕಿತ್ತೆಸೆಯುವ ಮುನ್ನ, ಅದನ್ನು ಅಲ್ಲಿ ಏಕೆ ಇಟ್ಟರೆಂದು ಕೇಳಿ ತಿಳಿಯುವುದು ವಿದ್ಯಾರ್ಥಿಗೂ ಶಿಲ್ಪಿಗೂ ಸಮಾನವಾಗಿ ಒಪ್ಪುವ ಗುಣ.