ಒತ್ತಡ, ಪ್ರವಾಹ, ತಡೆ

ವಿದ್ಯುತ್ತಿನ ಒತ್ತಡಕ್ಕೂ ಪ್ರವಾಹಕ್ಕೂ ಇರುವ ಸಂಬಂಧವನ್ನು 1826ರಲ್ಲಿ ಶೋಧಿಸಿದವನು ಜರ್ಮನಿಯ ಕೊಲೋನ್ ನಗರದ ಉಪಾಧ್ಯಾಯ ಓಮ್. ಆಗಿನ ವಿದ್ಯುತ್ಕೋಶಗಳ ಒತ್ತಡವು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಆದುದರಿಂದ ಅವನು ತಾಮ್ರ ಬಿಸ್ಮತ್‌ಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿನೀರಿನ ಶಾಖದಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲಿಯೂ ಇರಿಸಿ ಸ್ಥಿರವಾದ ಒತ್ತಡವನ್ನು ಪಡೆದನು. ಬೇರೆ ಬೇರೆ ಉದ್ದದ ತಂತಿಗಳಲ್ಲಿ ಹರಿಯುವ ಪ್ರವಾಹವನ್ನು ಅಯಸ್ಕಾಂತಸೂಜಿಯ ನೆರವಿನಿಂದ ಅಳೆದನು.

ಅದರ ಫಲವನ್ನು ನಾವು ಹೀಗೆ ಹೇಳಬಹುದು: ಉಷ್ಣತೆಯು ಬದಲಾಗದಿದ್ದರೆ, ಲೋಹದ ತಂತಿಯಲ್ಲಿ ಒತ್ತಡವು ಇಮ್ಮಡಿಸಿದಾಗ ಪ್ರವಾಹವೂ ಇಮ್ಮಡಿಸುವುದು. 3 ಓಮ್ ತಡೆಯಲ್ಲಿ 6 ವೋಲ್ಟಿನ ಒತ್ತಡವು 2 ಆಂಪೇರ್ ಪ್ರವಾಹವನ್ನೂ, 12 ವೋಲ್ಟು 4 ಆಂಪೇರನ್ನೂ ಉಂಟುಮಾಡುವುವು.

ಉಷ್ಣತೆಯ ಈ ನಿಬಂಧನೆಯನ್ನು ನಾವು ಮರೆಯಲಾಗದು. ದೀಪದ ತಂತುವು ತಣ್ಣಗಿರುವಾಗ ಅದರ ತಡೆಯು ಅಲ್ಪ. ಕಾದು ಬೆಳಗುವಾಗ ಬಹಳ ಹೆಚ್ಚು. ಗುಂಡಿಯೊತ್ತಿದ ಕ್ಷಣದಲ್ಲಿ ಪ್ರವಾಹವು ರಭಸದಿಂದ ನುಗ್ಗುವುದು. ಸವೆದ ತಂತುದೀಪಗಳು ಅನೇಕವೇಳೆ ಆ ಕ್ಷಣದಲ್ಲಿಯೇ ಸುಟ್ಟುಹೋಗುವುದು ಇದರಿಂದಲೇ.