ಫೋನಿನಿಂದ ಸ್ಕ್ಯಾನರ್‌ಗೆ ಚಾನೆಲ್ ತುಂಬೋದು ಹೇಗೆ?

ರೇಡಿಯೊ ಸ್ಕ್ಯಾನರ್ ನಮ್ಮ ಕಡೆ ಹೆಚ್ಚಿನವರು ಕೈಯಲ್ಲಿ ಹಿಡಿದು ನೋಡಿರದ ವಸ್ತು. ನೋಡಲು ವಾಕಿಟಾಕಿಯ ಹಾಗೇ ಇರುತ್ತದೆ, ಆದರೆ ಮಾತಾಡುವ ಬಟನ್ ಇರೋದಿಲ್ಲ. ಕೇಳೋದಷ್ಟೇ ಅದರ ಕೆಲಸ. ಮೆಮೊರಿಯಲ್ಲಿರುವ ನೂರಾರು ಫ್ರೀಕ್ವೆನ್ಸಿಗಳನ್ನು ಒಂದರ ಹಿಂದೊಂದು ನೋಡುತ್ತಾ ಹೋಗುತ್ತದೆ. ಎಲ್ಲಿ ಯಾರಾದರೂ ಮಾತಾಡುತ್ತಿದ್ದಾರೋ ಅಲ್ಲಿ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ಹೊರಡುತ್ತದೆ. ಅಮೆರಿಕದಲ್ಲಿ ಇದು ಬಹಳ ಹಳೆಯ ಹವ್ಯಾಸ. ರೈಲು ನೋಡುವವರು, ವಿಮಾನದ ಹುಚ್ಚಿನವರು, ಕಾಳ್ಗಿಚ್ಚಿನ ಸುದ್ದಿ ಬೇಕಾದ ಹಳ್ಳಿಯವರು, ಎಲ್ಲರ ಮನೆಯಲ್ಲೂ ಒಂದು ಸಿಗಬಹುದು.

ಈ ಹವ್ಯಾಸದವರು ಬಹಳ ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಒಂದಿದೆ: "ಸ್ಕ್ಯಾನರನ್ನು ಟ್ಯಾಬ್ಲೆಟ್‌ನಿಂದಲೋ ಫೋನಿನಿಂದಲೋ ಪ್ರೋಗ್ರಾಂ ಮಾಡಬಹುದಾ?" ಕೇಳೋಕೆ ಚಿಕ್ಕ ಪ್ರಶ್ನೆ. ಉತ್ತರ ಹುಡುಕಿಕೊಂಡು ಹೋದರೆ ಯುಎಸ್‌ಬಿ, ಡ್ರೈವರ್, ಸೀರಿಯಲ್ ಪ್ರೋಟೊಕಾಲ್, ಫೈಲ್ ಫಾರ್ಮ್ಯಾಟ್, ಕೊನೆಗೆ ಕಾನೂನು, ಎಲ್ಲವೂ ದಾರಿಯಲ್ಲಿ ಸಿಗುತ್ತವೆ. ಅದಕ್ಕೇ ಇದನ್ನು ಆರಿಸಿಕೊಂಡೆವು.

ಮೊದಲು "ಪ್ರೋಗ್ರಾಂ" ಅನ್ನೋ ಪದ ನಮ್ಮನ್ನು ಹೆದರಿಸಬಾರದು. ಇಲ್ಲಿ ಕೋಡ್ ಬರೆಯೋದೇನೂ ಇಲ್ಲ. ಒಂದು ಟೇಬಲ್ ತುಂಬಬೇಕು, ಅಷ್ಟೇ. ಪ್ರತಿ ಸಾಲಿನಲ್ಲೂ ಒಂದು ಹೆಸರು, ಒಂದು ಫ್ರೀಕ್ವೆನ್ಸಿ, ಎಎಮ್ಮೋ ಎಫ್ಎಮ್ಮೋ, ಮಾತು ನಿಂತ ಮೇಲೆ ಎಷ್ಟು ಸೆಕೆಂಡ್ ಕಾಯಬೇಕು, ಇಂಥ ನಾಲ್ಕಾರು ವಿವರ. ಯೂನಿಡೆನ್ ಕಂಪನಿಯ ಬಿಸಿ125ಎಟಿ ಎಂಬ ಜನಪ್ರಿಯ ಸ್ಕ್ಯಾನರನ್ನೇ ತೆಗೆದುಕೊಳ್ಳಿ. ಅದರಲ್ಲಿ 10 ಬ್ಯಾಂಕ್, ಬ್ಯಾಂಕಿಗೆ 50ರಂತೆ 500 ಚಾನೆಲ್. ಒಂದು ಚಾನೆಲ್‌ಗೆ 22 ಬೈಟ್ ಬೇಕು ಅಂತ ಲೆಕ್ಕ ಹಾಕಿದರೂ ಇಡೀ ಟೇಬಲ್ 11 ಕಿಲೊಬೈಟ್. ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೊ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಇದನ್ನು ಸ್ಕ್ಯಾನರ್ ಮೇಲಿನ ಕೀಪ್ಯಾಡ್‌ನಿಂದ ಒತ್ತುತ್ತಾ ಕೂತರೆ ಒಂದು ದಿನ ಹೋಗುತ್ತದೆ. ಹೆಸರಿನ ಅಕ್ಷರಗಳನ್ನೂ ಒಂದೊಂದಾಗಿ ಹಾಕಬೇಕು. ಅದಕ್ಕೇ ಜನ ಕಂಪ್ಯೂಟರ್ ಹಿಡಿಯೋದು.

ಕಂಪ್ಯೂಟರ್ ಮನೆಯಲ್ಲಿ ಉಳಿದಿರುತ್ತದೆ, ಸ್ಕ್ಯಾನರ್ ಬೇಕಾಗೋದು ಬಯಲಲ್ಲಿ. ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನಲ್ಲಿ ಪ್ರತಿ ವರ್ಷ ಜುಲೈ ಕೊನೆಗೆ ಏರ್‌ವೆಂಚರ್ ಎಂಬ ವಿಮಾನ ಜಾತ್ರೆ ನಡೆಯುತ್ತದೆ. ಸಣ್ಣ ವಿಮಾನಗಳು ಸಾಲುಗಟ್ಟಿ ಬರುವಾಗ ಫಿಸ್ಕ್ ಎಂಬ ಹಳ್ಳಿಯ ಹತ್ತಿರ ಕಂಟ್ರೋಲರ್‌ಗಳು ಅವುಗಳ ಬಣ್ಣ, ರೆಕ್ಕೆ ನೋಡಿಯೇ ಕರೆದು, "ಕೇಳಿಸಿದ್ದರೆ ರೆಕ್ಕೆ ಅಲ್ಲಾಡಿಸಿ" ಅನ್ನುತ್ತಾರೆ. ಆ ಮಾತು 120.7 ಮೆಗಾಹರ್ಟ್ಸ್‌ನಲ್ಲಿ. ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಅದನ್ನು ಕೇಳಬೇಕಾದವರ ಜೇಬಿನಲ್ಲಿ ಫೋನ್ ಇದೆ, ಲ್ಯಾಪ್‌ಟಾಪ್ ಇಲ್ಲ.

ಬಿಸಿ125ಎಟಿ ಈ ವಿಷಯದಲ್ಲಿ ತುಂಬಾ ಒಳ್ಳೆಯ ಮೆಷಿನ್, ಯಾಕೆಂದರೆ ಅದಕ್ಕೆ ಅರ್ಥವಾಗೋದು ಸಾದಾ ಪಠ್ಯ. ಯುಎಸ್‌ಬಿ ಕೇಬಲ್ ಹಾಕಿ ಸೀರಿಯಲ್ ಪೋರ್ಟ್ ತೆರೆದು "ಪಿಆರ್‌ಜಿ" ಎಂದು ಮೂರಕ್ಷರ ಕಳಿಸಿದರೆ ಸ್ಕ್ಯಾನ್ ಮಾಡೋದು ಬಿಟ್ಟು "ಓಕೆ" ಅನ್ನುತ್ತದೆ. ಆಮೇಲೆ "ಸಿಐಎನ್" ಎಂಬ ಕಮಾಂಡ್. ಅದರ ಮುಂದೆ ಕಾಮಾ ಹಾಕುತ್ತಾ ಚಾನೆಲ್ ನಂಬರ್, ಹೆಸರು, ಫ್ರೀಕ್ವೆನ್ಸಿ, ಮಾಡ್ಯುಲೇಶನ್, ಟೋನ್, ಕಾಯುವ ಸಮಯ, ಲಾಕೌಟ್, ಪ್ರಯಾರಿಟಿ. ಹೆಸರಿಗೆ 16 ಅಕ್ಷರದ ಮಿತಿ. ಫ್ರೀಕ್ವೆನ್ಸಿಯಲ್ಲಿ ಚುಕ್ಕಿ ಇಲ್ಲ: 100 ಹರ್ಟ್ಸ್ ಲೆಕ್ಕದಲ್ಲಿ ಎಂಟು ಅಂಕಿ. ಹಾಗಾಗಿ 120.7 ಮೆಗಾಹರ್ಟ್ಸ್ ಅಂದರೆ 01207000. ಸರಿಯಾಗಿದ್ದರೆ "ಓಕೆ", ಬರೆದ ರೀತಿ ತಪ್ಪಿದ್ದರೆ "ಇಆರ್‌ಆರ್", ಕಮಾಂಡ್ ಸರಿ, ಆದರೆ ಈಗ ಆಗಲ್ಲ ಅಂದರೆ "ಎನ್‌ಜಿ". ಪಿಆರ್‌ಜಿ ಹೇಳದೆ ನೇರ ಸಿಐಎನ್ ಕಳಿಸಿದರೆ ಬರೋದು ಈ ಎನ್‌ಜಿಯೇ. ಎಲ್ಲಾ ಮುಗಿದ ಮೇಲೆ "ಇಪಿಜಿ", ಪ್ರೋಗ್ರಾಂ ಮೋಡ್ ಮುಗಿಯಿತು. ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಒಂದೇ ಹೋಗಬೇಕು. ಫೋನಿನ ಟರ್ಮಿನಲ್ ಆ್ಯಪ್‌ಗಳು ಹಲವು ಸಲ ಅದರ ಜೊತೆ ಲೈನ್ ಫೀಡನ್ನೂ ಸೇರಿಸುತ್ತವೆ, ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಕೊಳ್ಳಿ.

(ವಿಮಾನದವರು ಇವತ್ತಿಗೂ ಎಎಮ್ ಯಾಕೆ ಬಳಸ್ತಾರೆ ಅನ್ನೋದು ವೈವಾದಲ್ಲಿ ಕೇಳಬಹುದಾದ ಪ್ರಶ್ನೆ. ಎಫ್ಎಮ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾದ ಸಿಗ್ನಲ್ ಇನ್ನೊಂದನ್ನು ಪೂರ್ತಿ ನುಂಗಿಬಿಡುತ್ತದೆ. ಎಎಮ್‌ನಲ್ಲಿ ಕಿರ್ರ್ ಎಂಬ ಸದ್ದಾದರೂ ಬಂದು, ಇನ್ನೊಬ್ಬರೂ ಕರೆಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ.)

ಇಷ್ಟು ಸುಲಭ ಇದ್ದರೆ ಫೋನಿಗೆ ಕಷ್ಟ ಏನು? ಕಷ್ಟ ಮೂರು ಕಡೆ ಇದೆ, ಮೂರೂ ಒಂದೇ ತೂಕದ್ದಲ್ಲ.

ಮೊದಲನೆಯದು ಚಿಕ್ಕದು. ಫೋನ್ ಸಾಮಾನ್ಯವಾಗಿ ಯುಎಸ್‌ಬಿಯಲ್ಲಿ ಸೇವಕನ ಸ್ಥಾನದಲ್ಲಿರುತ್ತದೆ, ಲ್ಯಾಪ್‌ಟಾಪ್ ಯಜಮಾನ. ಸ್ಕ್ಯಾನರ್ ಕೂಡ ಸೇವಕನೇ. ಇಬ್ಬರು ಸೇವಕರು ಎದುರುಬದುರು ಕೂತರೆ ಯಾರೂ ಮಾತು ಶುರು ಮಾಡೋದಿಲ್ಲ. ಒಟಿಜಿ ಕೇಬಲ್ ಮಾಡೋದು ಫೋನನ್ನು ಯಜಮಾನನನ್ನಾಗಿ ಕೂರಿಸೋದು. ಹಳೇ ಮೈಕ್ರೊ ಯುಎಸ್‌ಬಿಯಲ್ಲಿ ಐಡಿ ಎಂಬ ಪಿನ್ನನ್ನು ಗ್ರೌಂಡ್‌ಗೆ ಸೇರಿಸಿರುತ್ತಾರೆ. ಟೈಪ್-ಸಿಯಲ್ಲಿ ಸಿಸಿ ಪಿನ್ನಿನ ರೆಸಿಸ್ಟರ್ ನೋಡಿ ನಿರ್ಧಾರವಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳಿಗೆ ಈ ಯಜಮಾನಿಕೆ ಸಿಕ್ಕಿದ್ದು 2011ರ 3.1 ಆವೃತ್ತಿಯಿಂದ. ರಸ್ತೆ ಬದಿಯ ಮೊಬೈಲ್ ಅಂಗಡಿಯಲ್ಲಿ ಸಿಗೋ ಅಡಾಪ್ಟರ್ ಸಾಕು.

ಎರಡನೆಯದು ಡ್ರೈವರ್. ವಿಂಡೋಸ್‌ನಲ್ಲಿ ಕೇಬಲ್ ಚುಚ್ಚಿದರೆ "ಕಾಮ್ 3" ಎಂದು ಒಂದು ಪೋರ್ಟ್ ಬರುತ್ತದೆ, ಯಾವ ಸಾಫ್ಟ್‌ವೇರ್ ಬೇಕಾದರೂ ತೆರೆಯಬಹುದು. ಆಂಡ್ರಾಯ್ಡ್‌ನಲ್ಲಿ ಒಂದು ಸಾಮಾನ್ಯ ಆ್ಯಪ್‌ಗೆ ಅಂಥ ಪೋರ್ಟ್ ಕಾಣೋದೇ ಇಲ್ಲ. ಕಾಣೋದು ಕಚ್ಚಾ ಯುಎಸ್‌ಬಿ ಡಿವೈಸ್ ಮಾತ್ರ, ಅದೂ ನೀವು ಪರ್ಮಿಶನ್ ಕೊಟ್ಟ ಮೇಲೆ. ಆಚೆ ಬದಿ ಯಾವ ಚಿಪ್ ಇದೆ, ಅದಕ್ಕೆ ಬಾಡ್ ರೇಟ್ ಹೇಗೆ ಹೇಳಬೇಕು ಎನ್ನುವುದನ್ನೆಲ್ಲ ಆ್ಯಪ್ ತಾನೇ ಹೊತ್ತು ತರಬೇಕು. ಎಫ್‌ಟಿಡಿಐ, ಸಿಪಿ2102, ಸಿಎಚ್340, ಪಿಎಲ್2303 ಇವು ಮತ್ತೆ ಮತ್ತೆ ಸಿಗೋ ಚಿಪ್‌ಗಳು. ಇವಕ್ಕೆಲ್ಲ ಓಪನ್ ಸೋರ್ಸ್ ಲೈಬ್ರರಿ ಇರೋದರಿಂದ ಈಗ ಇದು ಬಗೆಹರಿದ ಸಮಸ್ಯೆ ಎಂದೇ ಹೇಳಬಹುದು. ಇಲ್ಲೊಂದು ತಮಾಷೆ ಇದೆ. ಅಗ್ಗದ ಕೇಬಲ್‌ಗಳಲ್ಲಿ ನಕಲಿ ಪಿಎಲ್2303 ಇರೋದು ಮಾಮೂಲಿ. ವಿಂಡೋಸ್‌ನ ಹೊಸ ಡ್ರೈವರ್ ಅದನ್ನು ಗುರುತಿಸಿ ಕೆಲಸ ಮಾಡಲ್ಲ ಅನ್ನುತ್ತದೆ. ಫೋನಿನ ಆ್ಯಪ್‌ನಲ್ಲಿ ಆ ಕಂಪನಿಯ ಡ್ರೈವರ್ರೇ ಇಲ್ಲವಲ್ಲ, ಹಾಗಾಗಿ ಆ ತಡೆ ಅಲ್ಲಿಲ್ಲ. ಐಫೋನಿನವರಿಗೆ ಮಾತ್ರ ಈ ದಾರಿ ಬಹುತೇಕ ಮುಚ್ಚಿದೆ. ಟೈಪ್-ಸಿ ಬಂದ ಮೇಲೂ ಯಾವುದೋ ಸೀರಿಯಲ್ ಕೇಬಲ್ ಚುಚ್ಚಿ ಆ್ಯಪ್‌ನಿಂದ ತೆರೆಯೋಕೆ ಆಪಲ್ ಬಿಡೋದಿಲ್ಲ. ಬ್ಲೂಟೂತ್ ಮೂಲಕ ಸೆಟ್ ಆಗುವ ರೇಡಿಯೊಗಳಾದರೆ ಅವರಿಗೂ ನಡೆಯುತ್ತದೆ.

ಮೂರನೆಯದೇ ನಿಜವಾದ ಗೋಡೆ: ರೇಡಿಯೊ ಒಳಗಿನ ಮಾಹಿತಿಯ ಅರ್ಥ ಯಾರಿಗೆ ಗೊತ್ತು ಅನ್ನೋದು. ಬಿಸಿ125ಎಟಿಯ ಹಾಗೆ ಪಠ್ಯದಲ್ಲಿ ಮಾತಾಡೋ ಮೆಷಿನ್‌ಗಳು ಕಡಿಮೆ. ಬೌಫೆಂಗ್ ಯುವಿ-5ಆರ್ ಎಂಬ ಅಗ್ಗದ ಚೈನೀಸ್ ವಾಕಿಟಾಕಿ ಇದಕ್ಕೆ ತದ್ವಿರುದ್ಧ. ಅದರ ಜೊತೆ 9600 ಬಾಡ್‌ನಲ್ಲಿ ಮೊದಲು ಒಂದು ಗುಪ್ತ ಏಳು ಬೈಟ್ ಕಳಿಸಬೇಕು, ಅದು 06 ಎಂದು ಒಪ್ಪಿಗೆ ಕೊಡಬೇಕು, ಆಮೇಲೆ ಇಡೀ ಮೆಮೊರಿಯನ್ನೇ ತುಂಡು ತುಂಡಾಗಿ ಎಳೆದುಕೊಳ್ಳಬೇಕು. 128 ಚಾನೆಲ್, ಒಂದಕ್ಕೆ 16 ಬೈಟ್. ಫ್ರೀಕ್ವೆನ್ಸಿ ನಾಲ್ಕು ಬೈಟಿನ ಬಿಸಿಡಿ, ಅದೂ ತಿರುಗಾಮುರುಗಾ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.800 ಮೆಗಾಹರ್ಟ್ಸ್ 10 ಹರ್ಟ್ಸ್ ಲೆಕ್ಕದಲ್ಲಿ 14580000. ಮೆಮೊರಿಯಲ್ಲಿ ಅದು 00 00 58 14 ಎಂದು ಕೂತಿರುತ್ತದೆ. ಡಿಜಿಟಲ್ ಲಾಜಿಕ್ ಪೇಪರಿನಲ್ಲಿ ಬಿಸಿಡಿ ಯಾಕೆ ಓದಿಸ್ತಾರೆ ಎಂದು ಗೊಣಗಿದವರಿಗೆ ಇದೋ ಉತ್ತರ. ಇವೆಲ್ಲ ಕಂಪನಿ ಹೇಳಿಕೊಟ್ಟದ್ದಲ್ಲ. ಚರ್ಪ್ ಎಂಬ ಉಚಿತ ಸಾಫ್ಟ್‌ವೇರ್‌ನ ಹಿಂದಿರುವ ಹವ್ಯಾಸಿಗಳು ಕೇಬಲ್‌ನಲ್ಲಿ ಹೋಗೋ ಬೈಟ್‌ಗಳನ್ನು ನೋಡಿ ನೋಡಿ ಬಿಡಿಸಿದ್ದು. ಆ ಕೋಡ್ ಪೈಥಾನ್‌ನಲ್ಲಿದೆ, ಯಾರು ಬೇಕಾದರೂ ಓದಬಹುದು. ಅದೊಂದು ಇರೋದರಿಂದಲೇ ಬೇರೆಯವರು ಫೋನಿಗೂ ಆ್ಯಪ್ ಬರೆಯೋದು ಸಾಧ್ಯ.

ದುಬಾರಿ ಸ್ಕ್ಯಾನರ್‌ಗಳ ಕಥೆ ಇನ್ನೂ ಬೇರೆ. ಅಮೆರಿಕದ ಪೊಲೀಸ್, ಅಗ್ನಿಶಾಮಕ ವ್ಯವಸ್ಥೆಗಳು ಹೆಚ್ಚಾಗಿ ಟ್ರಂಕಿಂಗ್‌ನಲ್ಲಿವೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಪ್ರತಿ ಬಸ್ಸಿಗೂ ಒಂದು ಖಾಯಂ ಪ್ಲಾಟ್‌ಫಾರ್ಮ್ ಇಲ್ಲದೆ, ಬಸ್ಸು ಬಂದಾಗಲೆಲ್ಲ ಯಾವುದು ಖಾಲಿ ಇದೆಯೋ ಅದನ್ನು ಮೈಕಿನಲ್ಲಿ ಹೇಳ್ತಾ ಹೋದರೆ ಹೇಗಿರುತ್ತೆ? ಆ ಮೈಕೇ ಕಂಟ್ರೋಲ್ ಚಾನೆಲ್. ಸ್ಕ್ಯಾನರ್ ಅದನ್ನು ಡಿಜಿಟಲ್ಲಾಗಿ ಕೇಳಿಸಿಕೊಂಡು ನಮಗೆ ಬೇಕಾದ ಗುಂಪಿನ ಹಿಂದೆ ಓಡಬೇಕು. ಹಾಗಾಗಿ ಒಂದು ಫ್ರೀಕ್ವೆನ್ಸಿ ಹಾಕಿದರೆ ಮುಗಿಯಲ್ಲ. ಸಿಸ್ಟಮ್, ಟವರ್‌ಗಳು, ನೂರಾರು ಟಾಕ್‌ಗ್ರೂಪ್ ನಂಬರ್‌ಗಳು ಬೇಕು. ಯೂನಿಡೆನ್‌ನ ಎಸ್‌ಡಿಎಸ್100ರಂಥ ಮಾಡೆಲ್‌ಗಳಲ್ಲಿ ಇದೆಲ್ಲ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಇರುತ್ತದೆ, ತುಂಬೋಕೆ ಸೆಂಟಿನೆಲ್ ಎಂಬ ಸಾಫ್ಟ್‌ವೇರ್. ಅದು ವಿಂಡೋಸ್‌ಗೆ ಮಾತ್ರ. ಅದಕ್ಕೇ ಅಲ್ಲಿಯವರು ವಿಂಡೋಸ್ ಟ್ಯಾಬ್ಲೆಟ್ ಹೊತ್ತುಕೊಂಡು ಹೋಗೋದು, ಇಲ್ಲವೇ ಫೋನಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಮನೆಯ ಪಿಸಿಯಲ್ಲೇ ಲಿಸ್ಟ್ ತಿದ್ದಿ ಆ ಫೈಲ್ ತರಿಸಿಕೊಳ್ಳೋ ಪರದಾಟ. ಕಾರ್ಡಿನ ಫೈಲ್‌ಗಳು ಟ್ಯಾಬ್ ಹಾಕಿ ಬರೆದ ಪಠ್ಯವೇ ಆದ್ದರಿಂದ ಫೋನಿನಲ್ಲೇ ತಿದ್ದಬಹುದು ಅನಿಸುತ್ತದೆ. ಆದರೆ ಒಂದು ಟ್ಯಾಬ್ ತಪ್ಪಿದರೆ ಪಟ್ಟಿಯೇ ಓದಿಕೊಳ್ಳದೆ ಹೋಗಬಹುದು. ಕಾಪಿ ಇಟ್ಟುಕೊಳ್ಳದೆ ಕೈ ಹಾಕಬೇಡಿ.

ಈ ಗೋಡೆಯನ್ನು ಹಾರದೆ ಸುತ್ತಿಕೊಂಡು ಹೋಗೋ ದಾರಿಯೂ ಒಂದಿದೆ. ಆರ್‌ಟಿಎಲ್2832ಯು ಎಂಬ ಟಿವಿ ಡಾಂಗಲ್ ಚಿಪ್‌ನಿಂದ ಕಚ್ಚಾ ಸ್ಯಾಂಪಲ್‌ಗಳನ್ನು ತೆಗೆಯಬಹುದು ಎಂದು 2012ರ ಹೊತ್ತಿಗೆ ಎಲ್ಲೆಡೆ ಗೊತ್ತಾಯಿತು. ಅದನ್ನು ಒಟಿಜಿಯಲ್ಲಿ ಫೋನಿಗೆ ಹಾಕಿದರೆ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್, ಪ್ರತಿಯೊಂದಕ್ಕೂ ಐ ಮತ್ತು ಕ್ಯೂ ಸೇರಿ 2 ಬೈಟ್, ಒಟ್ಟು 4.8 ಮೆಗಾಬೈಟ್. ಯುಎಸ್‌ಬಿ 2.0ಗೆ ಇದು ಲೆಕ್ಕಕ್ಕೇ ಇಲ್ಲ. ಆಗ ಫೋನೇ ಸ್ಕ್ಯಾನರ್. ಚಾನೆಲ್ ಪಟ್ಟಿ ಅದರ ಸ್ಟೋರೇಜಿನಲ್ಲೇ ಇರೋದರಿಂದ ಪ್ರೋಗ್ರಾಂ ಮಾಡೋ ಮಾತೇ ಇಲ್ಲ. ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ, ಡಾಂಗಲ್ ಮುಟ್ಟಿದರೆ ಬಿಸಿ.

ಈಗ ಕಾನೂನಿನ ಮಾತು. ಇದನ್ನು ಬಿಟ್ಟು ಬರೆದರೆ ಓದುಗರಿಗೆ ಮೋಸ. ಅಮೆರಿಕದಲ್ಲಿ ಕೇಳೋದು ಬಹುಮಟ್ಟಿಗೆ ಕಾನೂನುಬದ್ಧ. ಆದರೂ ಮೊಬೈಲ್ ಫೋನಿನ ಬ್ಯಾಂಡ್ ಹಿಡಿಯೋ ಸ್ಕ್ಯಾನರ್ ತಯಾರಿಸೋದಕ್ಕೆ 1994ರಿಂದ ತಡೆ ಇದೆ, ಕೆಲವು ರಾಜ್ಯಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳೋಕೂ ನಿರ್ಬಂಧವಿದೆ. ನಮ್ಮ ದೇಶದ ಆರಂಭದ ಬಿಂದುವೇ ಬೇರೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನೇ ತಡೆಯಿತು. 2023ರ ದೂರಸಂಪರ್ಕ ಕಾಯಿದೆಯಲ್ಲೂ ರೇಡಿಯೊ ಉಪಕರಣ ಹೊಂದಲು ಸರ್ಕಾರದ ಅನುಮತಿ ಬೇಕು ಎಂಬ ತತ್ವ ಉಳಿದಿದೆ, ಬೇರೆಯವರ ಸಂದೇಶ ಕದ್ದು ಕೇಳೋದು ಅಪರಾಧ. ಆದ್ದರಿಂದ ಯಲಹಂಕದ ಏರ್ ಶೋಗೆ ಆಶ್‌ಕಾಶ್ ಥರ ಸ್ಕ್ಯಾನರ್ ಹಿಡ್ಕೊಂಡು ಹೋಗೋಣ ಅಂದ್ಕೋಬೇಡಿ. ಪೊಲೀಸ್ ವೈರ್‌ಲೆಸ್ ಕಡೆಯಂತೂ ಹೋಗಲೇಬೇಡಿ. ಸರಿಯಾದ ದಾರಿ ಹ್ಯಾಮ್ ಲೈಸೆನ್ಸ್. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು, ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಕೋಡ್ ಬೇಕಿಲ್ಲ, ಎಲೆಕ್ಟ್ರಾನಿಕ್ಸ್ ಮೂರನೇ ಸೆಮಿಸ್ಟರ್ ಓದಿದವರಿಗೆ ಸಿಲಬಸ್ ಹೆಚ್ಚೂಕಡಿಮೆ ಗೊತ್ತಿರೋದೇ.

ಲೈಸೆನ್ಸ್ ಬರೋ ತನಕ ಸುಮ್ಮನೆ ಕೂರಬೇಕಾ? ಬೇಕಿಲ್ಲ. ಇದರಲ್ಲಿ ಕಲಿಯಬೇಕಾದ್ದರ ಮುಕ್ಕಾಲು ಭಾಗಕ್ಕೆ ರೇಡಿಯೊನೇ ಬೇಡ. ಲ್ಯಾಬಿನಲ್ಲಿರುವ ಆರ್ಡುಯಿನೊ ಯುನೊ ಕ್ಲೋನ್ ತಗೊಳ್ಳಿ. ಅದರಲ್ಲಿರೋದು ಹೆಚ್ಚಾಗಿ ಅದೇ ಸಿಎಚ್340 ಚಿಪ್. ಅದು ತಾನೇ ಬಿಸಿ125ಎಟಿ ಎಂದು ನಟಿಸುವಂತೆ ಕೋಡ್ ಬರೆಯಿರಿ: ಪಿಆರ್‌ಜಿ ಬಂದರೆ ಓಕೆ, ಸಿಐಎನ್ ಬಂದರೆ ಕಾಮಾ ಒಡೆದು ಇಇಪ್ರಾಮ್‌ಗೆ ಬರೆ, ಅಂಕಿ ಎಂಟಿಲ್ಲದಿದ್ದರೆ ಇಆರ್‌ಆರ್. ಒಟಿಜಿಯಲ್ಲಿ ಫೋನ್ ಹಾಕಿ ಟರ್ಮಿನಲ್ ಆ್ಯಪ್‌ನಿಂದ ಮಾತಾಡಿಸಿ. ಪೋರ್ಟ್ ತೆರೆದಾಗ ಯುನೊ ರೀಸೆಟ್ ಆದರೆ ಮೊದಲ ಒಂದೆರಡು ಸೆಕೆಂಡಿನಲ್ಲಿ ಕಳಿಸಿದ್ದು ಕಳೆದುಹೋಗುತ್ತದೆ, ಸ್ವಲ್ಪ ಕಾದು ಕಳಿಸಿ. ಯುನೊದ ಇಇಪ್ರಾಮ್ 1024 ಬೈಟ್. ಚಾನೆಲ್‌ಗೆ 22 ಬೈಟ್ ಆದರೆ 46 ಚಾನೆಲ್ ಹಿಡಿಸುತ್ತದೆ. ಹೆಸರನ್ನು 8 ಅಕ್ಷರಕ್ಕೆ ಇಳಿಸಿದರೆ 73. ಫ್ರೀಕ್ವೆನ್ಸಿಯನ್ನು ಮೂರೇ ಬೈಟಿನಲ್ಲಿ ಕೂರಿಸಬಹುದಾ ಅನ್ನೋದನ್ನು ನಿಮಗೇ ಬಿಡ್ತೀವಿ. 512 ಮೆಗಾಹರ್ಟ್ಸ್ ಅನ್ನು 100 ಹರ್ಟ್ಸ್‌ನಿಂದ ಭಾಗಿಸಿ ನೋಡಿ.