ಅಂಕಲಿಯ ಕುದುರೆಗೆ ಬೆಲ್ಲ ಬೇಡ



ಪಿಂಪ್ರಿ-ಚಿಂಚವಾಡದ ನಮಗೆ ಆಳಂದಿ ಪಕ್ಕದ ಊರು. ಜ್ಯೇಷ್ಠ ಬಹುಳ ಅಷ್ಟಮಿಗೆ ಅಲ್ಲಿಂದ ಜ್ಞಾನೇಶ್ವರ ಮಹಾರಾಜರ ಪಾಲಕಿ ಹೊರಡುವುದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಜತೆಗೆ ನಡೆಯುವ ಎರಡು ಕುದುರೆಗಳು ನಮ್ಮ ಬೆಳಗಾವಿ ಜಿಲ್ಲೆಯವು ಎಂಬುದು ಗೊತ್ತೇ? ಚಿಕ್ಕೋಡಿ ತಾಲೂಕು ಅಂಕಲಿಯ ಶಿತೋಳೆ ಸರ್ಕಾರರ ಮನೆತನದವು. ಒಂದರ ಮೇಲೆ ಸವಾರ, ಇನ್ನೊಂದರ ಬೆನ್ನು ಖಾಲಿ; ಅದು ಸಾಕ್ಷಾತ್ ಮಾವುಲಿಯ ಕುದುರೆ.

ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿ.ಮೀ. ಕಾಲ್ನಡಿಗೆ. ಅಲ್ಲಿಂದ ಪಂಢರಪುರಕ್ಕೆ ಮತ್ತೆ 250 ಕಿ.ಮೀ. ಹೆಚ್ಚಿನದೆಲ್ಲ ಡಾಂಬರು ರಸ್ತೆ. ಈ ಭಾರವೆಲ್ಲ ಬೀಳುವುದು ನಾಲ್ಕು ಗೊರಸುಗಳ ಮೇಲೆ, ಅದರಲ್ಲೂ ಮುಂಗಾಲುಗಳ ಮೇಲೆ ಹೆಚ್ಚು.

ಗೊರಸೆಂದರೆ ನಮ್ಮ ಉಗುರಿನಂಥದ್ದೇ. ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ. ಇಂದು ಸೀಳಿದರೆ ಪೂರ್ತಿ ಹೊಸತಾಗಲು ಹತ್ತಿರ ಹತ್ತಿರ ವರ್ಷ ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಹೊಸದಾಗಿ ಲಾಳ ಹೊಡೆಸಬೇಕು. ಮಳೆಗಾಲದಲ್ಲಿ ಅಡಿಯ ಮೆತ್ತನೆಯ ಭಾಗದಲ್ಲಿ ಕೆಸರು ನಿಂತರೆ ಕೊಳೆಯುತ್ತದೆ, ದುರ್ವಾಸನೆ ಬರುತ್ತದೆ. ದಿನವೂ ಕೆರೆದು ತೆಗೆದರೆ ಸಾಕು, ಇದು ದೊಡ್ಡ ಮಾತಲ್ಲ.

ದೊಡ್ಡ ಮಾತು ಬೇರೆಯಿದೆ, ಅದು ಹೊಟ್ಟೆಯಿಂದ ಬರುವಂಥದ್ದು. ಗೊರಸಿನೊಳಗಿನ ಮೂಳೆ ಹೊರಗೋಡೆಗೆ ಸೂಕ್ಷ್ಮ ಪದರಗಳಿಂದ ಅಂಟಿಕೊಂಡು ತೂಗುತ್ತಿರುತ್ತದೆ. ಕುದುರೆ ಒಮ್ಮೆಲೇ ಹೆಚ್ಚು ಕಾಳು, ಸಿಹಿ ತಿಂದರೆ ಕರುಳಿನಲ್ಲಿ ಹುಳಿಯುತ್ತದೆ. ವಾಂತಿ ಮಾಡಿಕೊಳ್ಳಲು ಕುದುರೆಗೆ ಬಾರದು. ಒಂದೆರಡು ದಿನದಲ್ಲಿ ಆ ಪದರಗಳು ಊದಿಕೊಂಡು ಹಿಡಿತ ಬಿಡುತ್ತವೆ, ಮೂಳೆ ಕೆಳಗೆ ಜಾರುತ್ತದೆ. ಕೆಲವು ಕುದುರೆಗಳು ಮತ್ತೆ ನೆಟ್ಟಗೆ ನಡೆಯುವುದೇ ಇಲ್ಲ. ನೀವು ಭಕ್ತಿಯಿಂದ ಕೊಡುವ ಒಂದು ತುಂಡು ಬೆಲ್ಲದಿಂದ ಏನೂ ಆಗದು ನಿಜ. ಆದರೆ ನಿಮ್ಮ ಹಿಂದೆ ನೂರು ಕೈಗಳಿರುತ್ತವಲ್ಲ! ಆದ್ದರಿಂದ ಕೈ ಮುಗಿಯಿರಿ, ತಿನ್ನಿಸಬೇಡಿ.

ನಮ್ಮಲ್ಲಿ ಮದುವೆಗೆ ಕುದುರೆ ತರಿಸುವವರಿಗೂ ಒಂದು ಮಾತು. ವರ ಹತ್ತುವ ಮುನ್ನ ಅದನ್ನು ಹತ್ತು ಹೆಜ್ಜೆ ಓಡಿಸಿ ನೋಡಿ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ಹಾಗೆ ತಲೆದೂಗಿದರೆ ಸವಾರಿ ಬೇಡ. ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ವಾಲಿ ನಿಂತಿದ್ದು, ಗೊರಸು ಮುಟ್ಟಿದರೆ ಬಿಸಿಯಿದ್ದರೆ ನಡೆಸಲೂಬಾರದು. ಗೊರಸುಗಳನ್ನು ಐಸ್ ನೀರಿನಲ್ಲಿಡಿಸಿ, ಪಶುವೈದ್ಯರನ್ನು ಅಲ್ಲಿಗೇ ಕರೆಸಿ.